ಸಂಜೆಗೆ ಮನೆ ಸೇರುವ ದೂರ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ: ಜನ, ದುಡಿಮೆ ಮತ್ತು ಪಟ್ಟಣಗಳ ಬೆಳವಣಿಗೆ
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಹಿರಿಯರ ಹೆಸರು ಅವರು ಬಾಳಿದ ಊರಲ್ಲೇ ಉಳಿಯಲಿ ಎಂಬ ಆಸೆಯಿಂದ ದತ್ತಿ ಇಡುತ್ತಾರೆ. ಆ ಆಸೆಗೆ ಗೌರವ ಕೊಡುವ ದಾರಿಯೆಂದು ನಾನು ಇವತ್ತಿನ ವಿಷಯಕ್ಕೆ ಊರನ್ನೇ ಆರಿಸಿಕೊಂಡೆ. ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳ ಜನಸಂಖ್ಯೆ ಮತ್ತು ದುಡಿಮೆಯ ಬಗ್ಗೆ ಮಾತಾಡುತ್ತೇನೆ.

ನಾನು ಈ ಸೀಮೆಯ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಕಲಿಸುತ್ತ ಆಯುಸ್ಸು ಕಳೆದವನು. ಪ್ರತಿವರ್ಷ ಕೊನೆಯ ವರ್ಷದ ಮಕ್ಕಳನ್ನು ಒಂದು ಪ್ರಶ್ನೆ ಕೇಳುತ್ತಿದ್ದೆ: ಓದು ಮುಗಿದ ಮೇಲೆ ಎಲ್ಲಿರುತ್ತೀರಿ? "ಬೆಂಗಳೂರು ಸಾರ್", "ಮೈಸೂರು ಸಾರ್" ಎಂದು ಬೆಂಚಿನಿಂದ ಬೆಂಚಿಗೆ ಉತ್ತರ ಓಡುತ್ತಿತ್ತು. "ಊರಲ್ಲೇ ಇರ್ತೀನಿ ಸಾರ್" ಎಂದು ಯಾರಾದರೂ ಹೇಳಿದರೆ ಉಳಿದವರು ತಿರುಗಿ ಅವನ ಮುಖ ನೋಡುತ್ತಿದ್ದರು. ಆ ನೋಟದಲ್ಲಿ ಹಾಸ್ಯವಿರಲಿಲ್ಲ, ಮರುಕ ಇತ್ತು. ಹುಟ್ಟಿದ ಊರಲ್ಲಿ ಬಾಳುತ್ತೇನೆ ಎನ್ನುವವನ ಬಗ್ಗೆ ಇಪ್ಪತ್ತರ ವಯಸ್ಸಿನ ಮಕ್ಕಳಿಗೆ ಮರುಕ ಹುಟ್ಟುವುದು ಯಾಕೆ? ಈ ಉಪನ್ಯಾಸ ಆ ಪ್ರಶ್ನೆಗೆ ನಾನು ಕೊಟ್ಟುಕೊಂಡ ಉತ್ತರ.

ಪಟ್ಟಣ ಬೆಳೆಯಿತು ಎನ್ನಲು ನಾವು ಹಲವು ಗುರುತು ಹೇಳುತ್ತೇವೆ. ಹೊಸ ಬಡಾವಣೆ, ಅಗಲವಾದ ರಸ್ತೆ, ನಾಲ್ಕಂತಸ್ತಿನ ಕಟ್ಟಡ, ಕಲ್ಯಾಣಮಂಟಪ. ನಾನು ಬೇರೆ ಒಂದು ಅಳತೆಗೋಲು ಹಿಡಿದು ಬಂದಿದ್ದೇನೆ. ಸುತ್ತಲ ಹಳ್ಳಿಯ ಒಬ್ಬ ಹುಡುಗಿ, ಒಬ್ಬ ಹುಡುಗ ಬೆಳಿಗ್ಗೆ ಹೊರಟು, ಕಲಿತ ಓದಿಗೆ ತಕ್ಕ ಕೆಲಸ ಮಾಡಿ, ಸಂಜೆಗೆ ಮನೆ ಸೇರುವಂತಿದ್ದರೆ ಅವರ ಪೇಟೆ ಬೆಳೆಯುತ್ತಿದೆ. ಹಾಗಾಗದಿದ್ದರೆ, ಎಷ್ಟು ಕಟ್ಟಡ ಎದ್ದರೂ ಆ ಪೇಟೆ ಸೊರಗುತ್ತಿದೆ.

1. ಒಂದು ರಾಜಧಾನಿ ಬರಿದಾದ ಬಗೆ

ಪಟ್ಟಣವೊಂದು ಹೇಗೆ ಸೊರಗುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣವನ್ನು ಸುತ್ತಲ ಹಳ್ಳಿಗರು ಇವತ್ತಿಗೂ ಬರೀ 'ಪಟ್ಣ' ಎನ್ನುತ್ತಾರೆ. ಪಟ್ಟಣವೆಂದರೆ ಅದೊಂದೇ ಎನ್ನುವ ಕಾಲದ ನೆನಪು ಅದು. 1610ರಲ್ಲಿ ರಾಜ ಒಡೆಯರ ಕೈಸೇರಿದ ಮೇಲೆ 1799ರವರೆಗೆ ಮೈಸೂರು ರಾಜ್ಯದ ಕೇಂದ್ರವಾಗಿದ್ದ ಊರು. ಅರಮನೆ, ದಂಡು, ಟಂಕಸಾಲೆ, ಮದ್ದಿನ ಮನೆ, ಇವೆಲ್ಲಕ್ಕೂ ಬೇಕಾದ ನೇಯ್ಗೆಯವರು, ಕಮ್ಮಾರರು, ಚಮ್ಮಾರರು, ವರ್ತಕರು ಕೋಟೆಯೊಳಗೂ ಹೊರಗಿನ ಗಂಜಾಮಿನಲ್ಲೂ ತುಂಬಿದ್ದರು.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಬಿದ್ದ. ಮರುವರ್ಷ ಕಂಪನಿ ಸರ್ಕಾರದ ಪರವಾಗಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ರಾಜಧಾನಿ ಮೈಸೂರಿಗೆ ಹೋಯಿತು. 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ನೆಲೆಯೂರಿತು. ಚಳಿಜ್ವರ ಊರನ್ನು ಹಿಂಡಿತು. 1901ರ ಜನಗಣತಿ ಎಣಿಸಿದ್ದು 8,584 ಮಂದಿಯನ್ನು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಶ್ರೀರಂಗಪಟ್ಟಣದ ಮಣ್ಣು ಕೆಡಲಿಲ್ಲ, ಕಾವೇರಿ ಬತ್ತಲಿಲ್ಲ. ರಂಗನಾಥನ ಗುಡಿ, ದರಿಯಾ ದೌಲತ್, ಕೋಟೆ ಎಲ್ಲ ಇದ್ದಲ್ಲೇ ಇದ್ದವು. ಹೋದದ್ದು ಕೆಲಸ. ಅರಮನೆ ಒಂದನ್ನೇ ನೆಚ್ಚಿದ್ದ ಕಸುಬುಗಳೆಲ್ಲ ಅರಮನೆ ಹೋದ ದಿನವೇ ಅನಾಥವಾದವು. ಒಂದೇ ಕಂಬದ ಮೇಲೆ ಚಪ್ಪರ ಹಾಕಿದ ಊರಿನ ಪಾಡು ಇದು. ಈ ಪಾಡನ್ನು ನಮ್ಮ ಸೀಮೆ ಮುಂದೆ ಮತ್ತೆ ಮತ್ತೆ ಕಂಡಿದೆ.

2. ನೀರು ಬಂದ ಊರು, ನೀರು ಬಾರದ ಊರು

1911ರಲ್ಲಿ ಕನ್ನಂಬಾಡಿಯ ಬಳಿ ಅಣೆಕಟ್ಟಿನ ಕೆಲಸ ಶುರುವಾಗಿ ಸುಮಾರು ಇಪ್ಪತ್ತು ವರ್ಷ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ ಎಂ. ವಿಶ್ವೇಶ್ವರಯ್ಯ ಮತ್ತು ಹೆಸರು ಉಳಿಯದ ಸಾವಿರಾರು ಕೂಲಿಗಳು ಕಟ್ಟಿದ ಕೃಷ್ಣರಾಜಸಾಗರ ತುಂಬಿದಾಗ 124.80 ಅಡಿ. ಹುಲಿಕೆರೆ ಸುರಂಗ ಹಾದು ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಬಯಲಿಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಕಾರ್ಖಾನೆ ತೆರೆಯಿತು. 1939ರ ಜುಲೈ 1ರಂದು ಮಂಡ್ಯ ಬೇರೆ ಜಿಲ್ಲೆಯಾಯಿತು. ರಾಗಿ ಸೀಮೆ ಕಬ್ಬಿನ ಸೀಮೆಯಾದದ್ದು ಹೀಗೆ.

ಈ ಬದಲಾವಣೆಯನ್ನು ಕಣ್ಣಾರೆ ಕಂಡು ಬರೆದವರಲ್ಲಿ ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಮುಖ್ಯರು. ವಿಯೆನ್ನಾದಲ್ಲಿ ಹುಟ್ಟಿ, ನಿರಾಶ್ರಿತೆಯಾಗಿ ಇಂಗ್ಲೆಂಡ್ ಸೇರಿದ ಈ ವಿದುಷಿ 1954ರಿಂದ 1956ರವರೆಗೆ ಮಂಡ್ಯ ಸುತ್ತಿನ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದರು. 1962ರಲ್ಲಿ ಪುಸ್ತಕ ಹೊರಬಂತು. 1970ರಲ್ಲಿ ಮತ್ತೆ ಬಂದು ಅದೇ ಹಳ್ಳಿಗಳನ್ನು ನೋಡಿದರು. ಊರುಗಳ ಹೆಸರು ಮರೆಸಲು ಅವರು ಇಟ್ಟ ಹೆಸರು ವಂಗಲ ಮತ್ತು ದಲೇನ.

ವಂಗಲಕ್ಕೆ ನಾಲೆ ನೀರು ಬಂತು. ಜನ ಕಬ್ಬು, ಭತ್ತ ಬೆಳೆದರು, ಹಣ ಕಂಡರು, ಹಳೆಯ ಕಟ್ಟುಕಟ್ಟಳೆಯಲ್ಲೇ ಉಳಿದರು. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಬರಗಾಡಿನ ಆ ಊರಿನವರು ಕೈಕಟ್ಟಿ ಕೂರಲಿಲ್ಲ. ಮಂಡ್ಯದ ಕಾರ್ಖಾನೆಗೆ, ಕಚೇರಿಗೆ ಕೆಲಸಕ್ಕೆ ಹೋದರು. ಹಿಟ್ಟಿನ ಗಿರಣಿ ಹಾಕಿದರು, ಗಾಡಿ ಹೊಡೆದರು, ಗುತ್ತಿಗೆ ಹಿಡಿದರು, ನೀರು ಬಂದ ಪಕ್ಕದೂರಲ್ಲಿ ಜಮೀನು ಕೊಂಡರು. ನೀರು ಬಂದ ಹಳ್ಳಿಗಿಂತ ನೀರು ಬಾರದ ಹಳ್ಳಿಯ ಬದುಕೇ ಹೆಚ್ಚು ಬದಲಾಯಿತು. ಎಪ್‌ಸ್ಟೈನ್ ಅವರ ಈ ಮಾತು ಅರ್ಥಶಾಸ್ತ್ರ ಓದುವ ಪ್ರಪಂಚದಲ್ಲೆಲ್ಲ ಹೆಸರಾಯಿತು.

ನಾನು ಇದನ್ನು ಪಾಠ ಮಾಡುವಾಗ ಮಕ್ಕಳ ಗಮನವನ್ನು ಇನ್ನೊಂದು ಕಡೆಗೆ ಎಳೆಯುತ್ತಿದ್ದೆ. ದಲೇನದವರು ಜಾಣರು, ನಿಜ. ಆದರೆ ಅವರ ಜಾಣತನಕ್ಕೆ ಇಂಬು ಕೊಡಲು ಹತ್ತಿರದಲ್ಲೇ ಒಂದು ಪೇಟೆ ಬೆಳೆಯುತ್ತಿತ್ತು. ಕಾರ್ಖಾನೆಯ ಪಾಳಿ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಿತ್ತು. ಹೆಂಡತಿ ಮಕ್ಕಳು ಊರಲ್ಲಿ, ಹೊಲ ಊರಲ್ಲಿ, ಸಂಬಳ ಮಂಡ್ಯದಲ್ಲಿ. ಹೊರಗೆ ದುಡಿದ ಹಣ ಊರಿನ ಗಿರಣಿಯಾಗಿ, ಊರಿನ ಮನೆಯಾಗಿ ಎದ್ದು ನಿಂತಿತು. ಆ ಪೇಟೆ ಇನ್ನೂರು ಮೈಲಿ ಆಚೆ ಇದ್ದಿದ್ದರೆ ದಲೇನ ಬೆಳೆಯುತ್ತಿರಲಿಲ್ಲ, ಖಾಲಿಯಾಗುತ್ತಿತ್ತು.

3. ಜನಗಣತಿ ಹೇಳಿದ್ದು

ಈಗ ಅಂಕಿಗಳಿಗೆ ಬರೋಣ. ಮಂಡ್ಯ ಜಿಲ್ಲೆಯ ಜನಸಂಖ್ಯೆ 1991ರಲ್ಲಿ 16,44,374. 2001ರಲ್ಲಿ 17,63,705. 2011ರಲ್ಲಿ 18,05,769. ಮೊದಲ ಹತ್ತು ವರ್ಷದಲ್ಲಿ ಶೇ 7ರಷ್ಟು ಏರಿದ್ದು ಮುಂದಿನ ಹತ್ತು ವರ್ಷದಲ್ಲಿ ಶೇ 2.4ಕ್ಕೆ ಇಳಿಯಿತು. ಅದೇ ಹತ್ತು ವರ್ಷದಲ್ಲಿ ಕರ್ನಾಟಕ ಶೇ 15.6ರಷ್ಟು ಬೆಳೆಯಿತು, ಬೆಂಗಳೂರು ನಗರ ಜಿಲ್ಲೆ ಶೇ 47ರ ಹತ್ತಿರ ಹೋಯಿತು. ಹಾಸನ, ಕೊಡಗು ನಮ್ಮಂತೆಯೇ ನಿಂತ ನೀರಾದವು. ಚಿಕ್ಕಮಗಳೂರಿನಲ್ಲಿ ಜನ ಕಡಿಮೆಯೇ ಆದರು. ರಾಜ್ಯದ ಜನರಲ್ಲಿ ಶೇ 38.67 ಮಂದಿ ಪಟ್ಟಣವಾಸಿಗಳಾದರೆ ಮಂಡ್ಯದಲ್ಲಿ ಅದು ಶೇ 17 ಮಾತ್ರ. ನಮ್ಮ ನಾಲ್ಕೂ ಪಟ್ಟಣಗಳು 2001ರಲ್ಲಿ ತಲಾ 25 ಸಾವಿರ ಜನರ ಒಳಗೇ ಇದ್ದವು.

ಹುಟ್ಟುವವರು ಕಡಿಮೆಯಾದರು ಎಂಬುದು ಒಂದು ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರು ತನ್ನ ಜಾಗಕ್ಕೆ ಅಷ್ಟೇ ಮಂದಿಯನ್ನು ಬಿಟ್ಟುಹೋಗಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಸಣ್ಣ ಸಂಸಾರ ಒಳ್ಳೆಯದೆಂದು ನಾವೇ ಗೋಡೆಗಳ ಮೇಲೆ ಬರೆಸಿದ್ದೆವು, ತಾಯಂದಿರು ಅದನ್ನು ಪಾಲಿಸಿದರು. ಅದಕ್ಕೆ ಕೊರಗಬೇಕಿಲ್ಲ.

ಕೊರಗಬೇಕಾದದ್ದು ಇನ್ನೊಂದು ಅಂಕಿಯಲ್ಲಿದೆ. 2011ರಲ್ಲಿ ಜಿಲ್ಲೆಯಲ್ಲಿ 1000 ಗಂಡಸರಿಗೆ 995 ಹೆಂಗಸರು. ಹೊರನೋಟಕ್ಕೆ ಇದು ರಾಜ್ಯದ ಸರಾಸರಿ 973ಕ್ಕಿಂತ ಮೇಲು. ಆರು ವರ್ಷದೊಳಗಿನ ಮಕ್ಕಳನ್ನೇ ಎಣಿಸಿ ನೋಡಿದರೆ 1000 ಗಂಡುಮಕ್ಕಳಿಗೆ 939 ಹೆಣ್ಣುಮಕ್ಕಳು. ಇದು ರಾಜ್ಯದ ಸರಾಸರಿ 948ಕ್ಕಿಂತ ಕೆಳಗೆ. ಎರಡನ್ನೂ ಜೊತೆಗಿಟ್ಟು ಓದಿ. ಹೆಣ್ಣು ಹುಟ್ಟುವುದಕ್ಕೇ ಇಲ್ಲಿ ಅಡ್ಡಿಯಿದೆ. ದೊಡ್ಡವರಲ್ಲಿ ಅನುಪಾತ ಸರಿಯಾಗಿ ಕಾಣಲು ಒಂದು ದೊಡ್ಡ ಕಾರಣ, ದುಡಿಯುವ ವಯಸ್ಸಿನ ಗಂಡಸರು ಎಣಿಕೆಯ ದಿನ ಊರಲ್ಲಿ ಇರಲಿಲ್ಲ. 2023ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ದಂಧೆ ಬಯಲಾದಾಗ ನಾಡೆಲ್ಲ ಬೆಚ್ಚಿತು. ಬೆಲ್ಲ ಬೇಯುವ ಜಾಗದಲ್ಲಿ ಆ ಪಾಪ ನಡೆಯಿತು. 939 ಎಂಬ ಅಂಕಿಯನ್ನು ಹನ್ನೆರಡು ವರ್ಷ ಮೊದಲೇ ಓದಿದ್ದ ನಾವು ಬೆಚ್ಚುವುದಕ್ಕೆ ಅಲ್ಲಿಯವರೆಗೂ ಕಾಯಬಾರದಿತ್ತು.

4. ಬೊಂಬಾಯಿ ದಾರಿ

ನಾಲ್ಕು ತಾಲ್ಲೂಕುಗಳಲ್ಲಿ ನೀರಿನ ಪಾಲು ಒಂದೇ ತೆರನಾಗಿಲ್ಲ. ಶ್ರೀರಂಗಪಟ್ಟಣಕ್ಕೆ ಕಾವೇರಿಯ ಹಳೆಯ ನಾಲೆಗಳ ಭಾಗ್ಯವಿದೆ. ಪಾಂಡವಪುರದ ಒಂದು ಮಗ್ಗುಲು ತರಿ, ಮೇಲುಕೋಟೆಯ ಮಗ್ಗುಲು ಕಲ್ಲುಗುಡ್ಡ. ಕೃಷ್ಣರಾಜಪೇಟೆಗೆ, ಅಂದರೆ ಕೆ.ಆರ್. ಪೇಟೆಗೆ, ಹೇಮಾವತಿಯ ಹೇಮಗಿರಿ ಅಣೆಯಿದೆ, ಆದರೆ ತಾಲ್ಲೂಕಿನ ಎತ್ತರದ ಹೋಬಳಿಗಳು ಮಳೆಯನ್ನೇ ನೋಡಬೇಕು. ನಾಗಮಂಗಲ ಬಹುಪಾಲು ಖುಷ್ಕಿ: ರಾಗಿ, ಹುರುಳಿ, ತೆಂಗು. ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಮುಗಿದ ಮೇಲೆ ನಾಲೆಗಳು ಬಂದವು. ನೀರು ಮಾತ್ರ ವರ್ಷದಿಂದ ವರ್ಷಕ್ಕೆ ನೆಚ್ಚಿಗೆಯಿಲ್ಲದ್ದು.

ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳು ಸೇರಿ ಒಂದು ದೊಡ್ಡ ದಲೇನ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಈ ದಲೇನಕ್ಕೆ ಹತ್ತಿರದಲ್ಲಿ ಮಂಡ್ಯದಂಥ ಪೇಟೆ ಬೆಳೆಯಲಿಲ್ಲ. ಜನ ಮುಂಬೈಗೆ ಹೋದರು. ಮೊದಲು ಹೋದವನು ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯಾಗಿ, ಗಲ್ಲಾದಲ್ಲಿ ಕೂತು, ತಮ್ಮನನ್ನು ಕರೆಸಿಕೊಂಡ. ತಮ್ಮ ಭಾವಮೈದುನನನ್ನು ಕರೆಸಿದ. ಹೋಟೆಲು, ಕ್ಯಾಂಟೀನು, ಟ್ಯಾಕ್ಸಿ, ಆಟೊ ಹೀಗೆ ಹಳ್ಳಿಗೆ ಹಳ್ಳಿಯೇ ಒಂದೊಂದು ಕಸುಬಿಗೆ ಅಂಟಿಕೊಂಡಿತು. "ಮಗ ಎಲ್ಲಿ?" ಎಂದರೆ "ಬೊಂಬಾಯಲ್ಲವ್ನೆ" ಎಂಬ ಉತ್ತರ ಈ ಸೀಮೆಯ ಜಗಲಿಗಳಲ್ಲಿ ಮಳೆ ಬಂತೆಂಬ ಮಾತಿನಷ್ಟೇ ಸಹಜ.

ಅವರು ಎಷ್ಟು ಮಂದಿ ಎಂದು ನಾವು ಲೆಕ್ಕವಿಟ್ಟಿರಲಿಲ್ಲ. ಅವರನ್ನು ನಾಡು ಕಂಡದ್ದು 2020ರ ಮೇ ತಿಂಗಳಲ್ಲಿ. ಲಾಕ್‌ಡೌನಿನಲ್ಲಿ ಮುಂಬೈಯ ಕೆಲಸ ನಿಂತಿತು, ಒಂದು ಕೋಣೆಯಲ್ಲಿ ಆರೇಳು ಮಂದಿ ಬದುಕುತ್ತಿದ್ದವರಿಗೆ ಊರು ನೆನಪಾಯಿತು. ಬಸ್ಸು, ಕಾರು, ಲಾರಿ ಹಿಡಿದು ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ಹೊರಟುಬಂದರು. ವಿದ್ಯಾರ್ಥಿನಿಲಯಗಳೂ ಶಾಲೆಗಳೂ ಕ್ವಾರಂಟೈನ್ ಕೇಂದ್ರಗಳಾದವು. ಮಂಡ್ಯ ಜಿಲ್ಲೆಯ ಕೋವಿಡ್ ಅಂಕಿ ಏರಿದಾಗ 'ಮುಂಬೈ ನಂಟು' ಎಂದು ಸುದ್ದಿವಾಹಿನಿಗಳು ದಿನವೂ ಕೂಗಿದವು. ಹೊರಗಿನವರಂತೆ ಅವರನ್ನು ನೋಡಿದ ಊರುಗಳೂ ಇದ್ದವು. ಹಬ್ಬಕ್ಕೆ ಹಣ ಕಳಿಸುವಾಗ ನಮ್ಮವರಾಗಿದ್ದವರು ಕಷ್ಟದಲ್ಲಿ ಮನೆಗೆ ಬಂದಾಗ ಪರಕೀಯರಾದರು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ದೂರದ ದುಡಿಮೆ ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಸಾಲ ತೀರಿಸಿದೆ, ತಂಗಿಯರ ಮದುವೆ ಮಾಡಿದೆ, ಮನೆಗೆ ತಾರಸಿ ಹಾಕಿಸಿದೆ. ಆದರೆ ಆ ದುಡಿಮೆಯ ಕಸುಬು ಊರಿಗೆ ಬರಲಿಲ್ಲ. ದಲೇನದವನು ಮಂಡ್ಯದಲ್ಲಿ ಕಲಿತ ಯಂತ್ರದ ಕೆಲಸವನ್ನು ಸಂಜೆ ಊರಲ್ಲಿ ಗಿರಣಿಯಾಗಿ ಹೂಡಿದ. ಮುಂಬೈಯವನ ಹೋಟೆಲಿನ ಚಾತುರ್ಯ, ಅಲ್ಲಿ ಗಳಿಸಿದ ಗಿರಾಕಿ, ಅಲ್ಲಿಯ ಪರಿಚಯ ಎಲ್ಲ ಅಲ್ಲೇ ಉಳಿಯಿತು. ಊರಿಗೆ ಬಂದದ್ದು ಮನಿಯಾರ್ಡರು, ಜಾತ್ರೆಗೆ ನಾಲ್ಕು ದಿನದ ರಜೆ.

ಊರಲ್ಲೇ ಉಳಿದ ಗಂಡುಮಕ್ಕಳ ಕಥೆ ಇನ್ನೊಂದು ಬಗೆಯದು. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧೂವರರ ಸಮಾವೇಶ ನಡೆಯಿತು. ಹೆಣ್ಣುಮಕ್ಕಳು ಇನ್ನೂರರ ಆಸುಪಾಸು, ಗಂಡುಗಳು ಹತ್ತು ಸಾವಿರಕ್ಕೂ ಮಿಕ್ಕಿ ಎಂದು ಪತ್ರಿಕೆಗಳು ಬರೆದವು. ಮೂರು ತಿಂಗಳ ಬಳಿಕ, 2023ರ ಫೆಬ್ರವರಿಯಲ್ಲಿ, ಜಿಲ್ಲೆಯ ಅವಿವಾಹಿತ ಯುವಕರು ಮದುವೆಯ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹಲವರು ಇದನ್ನು ತಮಾಷೆಯ ಸುದ್ದಿಯಾಗಿ ಓದಿದರು. ನನಗೆ ಅದರಲ್ಲಿ ಎರಡು ಲೆಕ್ಕ ಒಟ್ಟಿಗೆ ಕಂಡವು. ಹುಟ್ಟಗೊಡದ ಹೆಣ್ಣುಮಕ್ಕಳ ಲೆಕ್ಕ ಒಂದು. ಓದಿದ ಹೆಣ್ಣುಮಗಳು ಬೇಸಾಯದ ಮನೆಗೆ ಯಾಕೆ ಒಲ್ಲೆ ಎನ್ನುತ್ತಾಳೆ ಎಂಬುದು ಇನ್ನೊಂದು. ಅವಳು ಕಲಿತ ಡಿಗ್ರಿಗೆ ಆ ಮನೆಯಿಂದ ಸಂಜೆಗೆ ವಾಪಸಾಗುವ ದೂರದಲ್ಲಿ ಕೆಲಸವಿಲ್ಲ. ಅವಳ ನಿರ್ಧಾರವನ್ನು ಸೊಕ್ಕು ಎಂದು ಬೈಯುವವರು ಈ ಲೆಕ್ಕವನ್ನು ಮೊದಲು ಮಾಡಲಿ.

5. ಬಂದ ಕಾರ್ಖಾನೆ, ಹಾದುಹೋದ ರಸ್ತೆ

ಕೆಲಸ ತರುವ ಯತ್ನ ಇಲ್ಲಿ ನಡೆದೇ ಇಲ್ಲ ಎನ್ನಲಾಗದು. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲಿ ರಸಗೊಬ್ಬರದ ಕಾರ್ಖಾನೆ ಬಂತು, ಮುಂದೆ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಬಂತು. ಎರಡೂ ನಿಂತುಹೋದವು. ಫ್ರೆಂಚ್ ಸೈನಿಕರ ಬಿಡಾರದಿಂದಾಗಿ ಒಮ್ಮೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ, ಹಿರೋಡೆ ಎಂಬ ಹಳೆಯ ಹೆಸರಿನ ಪಾಂಡವಪುರಕ್ಕೆ ಸಹಕಾರಿ ಸಕ್ಕರೆ ಕಾರ್ಖಾನೆಯೇ ಜೀವನಾಡಿಯಾಗಿತ್ತು. ಅದು ವರ್ಷಗಟ್ಟಲೆ ಮುಚ್ಚಿದಾಗ ನಿಂತದ್ದು ಕಬ್ಬಿನ ಗಾಡಿಯಷ್ಟೇ ಅಲ್ಲ. ಪೇಟೆಯ ಗೊಬ್ಬರದಂಗಡಿ, ಬಟ್ಟೆಯಂಗಡಿ, ಗ್ಯಾರೇಜು, ಹೋಟೆಲು ಎಲ್ಲಕ್ಕೂ ಮಂಕು ಕವಿಯಿತು. 2020ರಲ್ಲಿ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟ ಮೇಲೆ ಮತ್ತೆ ಕಬ್ಬು ಅರೆಯತೊಡಗಿತು. ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲೂ ಖಾಸಗಿ ಸಕ್ಕರೆ ಕಾರ್ಖಾನೆಯಿದೆ. ಸಕ್ಕರೆಯೊಂದನ್ನೇ ನೆಚ್ಚುವ ಪೇಟೆಗೂ ಅರಮನೆಯೊಂದನ್ನೇ ನೆಚ್ಚಿದ್ದ ಪಟ್ಣಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಶ್ರೀರಂಗಪಟ್ಟಣದಲ್ಲಿ ಒಂದು ಸಿದ್ಧ ಉಡುಪಿನ ಕಾರ್ಖಾನೆಯಿತ್ತು. ಸುತ್ತಲ ಹಳ್ಳಿಗಳಿಂದ ಸಾವಿರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಂಗಸರು, ಬುತ್ತಿ ಕಟ್ಟಿಕೊಂಡು ಬಂದು ಹೊಲಿದು ಸಂಜೆ ಮನೆಗೆ ಹೋಗುತ್ತಿದ್ದರು. 2020ರ ಜೂನಿನಲ್ಲಿ ಅದು ಬಾಗಿಲು ಹಾಕಿತು. ಹೆಣ್ಣುಮಕ್ಕಳು ವಾರಗಟ್ಟಲೆ ಗೇಟಿನ ಮುಂದೆ ಕೂತರು. ಬೇರೆ ಊರಿನ ಘಟಕಕ್ಕೆ ಹೋಗಿ ಎಂದರೆ ಅವರಿಗೆ ಅದು ಕೆಲಸವೇ ಅಲ್ಲ. ಕೂಸು, ಹಸು, ಅತ್ತೆಮಾವ ಇರುವ ಹೆಂಗಸಿಗೆ ಸಂಜೆಗೆ ಮನೆ ಸೇರದ ಕೆಲಸ ಇದ್ದೂ ಇಲ್ಲದಂತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ನಾನು ಇದನ್ನೇ ಯೋಚಿಸಿದೆ: ಸಂಜೆಗೆ ಮನೆ ಸೇರುವ ಆ ದೂರ ಈಗ ನಾಲ್ಕು ಹಳ್ಳಿಯಷ್ಟು ಹಿಗ್ಗಿತು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. 118 ಕಿಲೋಮೀಟರ್ ಹಾದಿ ಒಂದೂವರೆ ಗಂಟೆಯ ಮಾತಾಯಿತು. ಶ್ರೀರಂಗಪಟ್ಟಣವನ್ನು ಅದು ಬಳಸಿ ಹೋಯಿತು. ಹಳೆಯ ರಸ್ತೆಯ ಬದಿಯ ತಿಂಡಿಯ ಹೋಟೆಲು, ಎಳನೀರಿನ ಗಾಡಿ, ಗೊಂಬೆಯ ಅಂಗಡಿಗಳಿಗೆ ನಿಲ್ಲುತ್ತಿದ್ದ ಕಾರುಗಳು ಈಗ ನಿಲ್ಲುವುದಿಲ್ಲ. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ. ವೇಗದ ರಸ್ತೆಗೆ ಆ ನಿಯಮ ಬೇಕು, ಜೀವ ಉಳಿಯಬೇಕು. ಆದರೆ ನಮ್ಮ ರೈತನ ವಾಹನ ಇಳಿಯಲಾರದ ರಸ್ತೆಯನ್ನು ನಮ್ಮ ಬೆಳವಣಿಗೆ ಎಂದು ಕರೆಯುವಾಗ ನಾವು ಒಂದು ಕ್ಷಣ ತಡೆಯಬೇಕು. ಇದೇ ಜಿಲ್ಲೆಯ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ತೊರೆಕಾಡನಹಳ್ಳಿಯಿಂದ ಕಾವೇರಿ ನೀರು ಬೆಂಗಳೂರಿಗೆ ಏರುತ್ತಿದೆ. ಈ ಜಿಲ್ಲೆ ಕೊಡುತ್ತಲೇ ಬಂದಿದೆ. ಕೊಟ್ಟದ್ದಕ್ಕೆ ಬೇಸರವಿಲ್ಲ. ಮರಳಿ ಬರುವ ದಾರಿಯೂ ಅಷ್ಟೇ ಅಗಲ ಇರಲಿ ಎಂಬುದು ನನ್ನ ಬೇಡಿಕೆ.

ಇದಕ್ಕೆ ಎದುರಾದ ಒಂದು ಉದಾಹರಣೆ ನಾಗಮಂಗಲ ತಾಲ್ಲೂಕಿನಲ್ಲೇ ಇದೆ. ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ ಆದಿಚುಂಚನಗಿರಿ ಮಠ ಆ ಬರಡು ಗುಡ್ಡದ ಬುಡದಲ್ಲಿ ಶಾಲೆ, ಕಾಲೇಜು, ವೈದ್ಯಕೀಯ ಕಾಲೇಜು, ಆಸ್ಪತ್ರೆ ಕಟ್ಟಿತು. 2018ರಲ್ಲಿ ವಿಶ್ವವಿದ್ಯಾಲಯವೂ ಆಯಿತು. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ತೆರೆದಾಗ ಈ ಸಂಸ್ಥೆಗಳಿರುವ ಬಿ.ಜಿ. ನಗರಕ್ಕೆ ನಿಲ್ದಾಣ ಸಿಕ್ಕಿತು. ದಾದಿಯರು, ತಂತ್ರಜ್ಞರು, ಗುಮಾಸ್ತರು, ಔಷಧದಂಗಡಿ, ಬಾಡಿಗೆ ಕೋಣೆ, ಮೆಸ್ಸು, ಆಟೊ ನಿಲ್ದಾಣ ಹೀಗೆ ಬೆಳ್ಳೂರು ಕ್ರಾಸ್ ಸುತ್ತ ಕೆಲಸ ಹುಟ್ಟಿತು. ಅಲ್ಲಿ ಜನ ಇಳಿಯುತ್ತಾರೆ, ಯಾಕೆಂದರೆ ಇಳಿಯಲು ಕಾರಣವಿದೆ. ನಾಗಮಂಗಲ ಪೇಟೆಗೆ ಅದರ ಫಲ ಇನ್ನೂ ಪೂರ್ತಿ ಹರಿದಿಲ್ಲ. ಹರಿಸುವುದು ನಮ್ಮ ಕೈಯಲ್ಲಿದೆ.

6. ದೂರದ ಒಂದು ಪಟ್ಟಣದ ಪಾಠ

ಕಂಬ ಮುರಿದ ಊರು ಮತ್ತೆ ಎದ್ದದ್ದನ್ನು ನೋಡಲು ಈಗ ಸ್ವಲ್ಪ ದೂರ ಹೋಗೋಣ. ಕೆನಡಾದ ಮಧ್ಯಮ ಗಾತ್ರದ ನಗರಗಳ ಬೆಳವಣಿಗೆಯ ಬಗ್ಗೆ ಅರ್ಥಶಾಸ್ತ್ರಜ್ಞರು ಈಗ ಬಹಳ ಬರೆಯುತ್ತಿದ್ದಾರೆ. 2016ರಿಂದ 2021ರೊಳಗೆ ಪಶ್ಚಿಮದ ಕೆಲೋನಾ ಶೇ 14ರಷ್ಟು ಬೆಳೆದು ಆ ದೇಶದ ಮಹಾನಗರ ಪ್ರದೇಶಗಳಲ್ಲೇ ಮುಂದಾಯಿತು. ನನ್ನ ಮನಸ್ಸಿಗೆ ಹತ್ತಿರವಾದದ್ದು ಪೂರ್ವದ ಮಾಂಕ್ಟನ್. ಅದು ರೈಲ್ವೆ ಊರು. 1988ರಲ್ಲಿ ಅಲ್ಲಿಯ ದೊಡ್ಡ ರೈಲ್ವೆ ಕಾರ್ಯಾಗಾರ ಮುಚ್ಚಿದಾಗ ಊರು ಮುಗಿಯಿತು ಎಂದರು. ಪಾಂಡವಪುರದ ಕಾರ್ಖಾನೆ ಮುಚ್ಚಿದಾಗ ನಾವು ಅಂದ ಮಾತೇ ಅದು.

ಮಾಂಕ್ಟನ್ ತನ್ನಲ್ಲಿ ಏನಿದೆ ಎಂದು ಹುಡುಕಿತು. ಅಲ್ಲಿಯ ಜನರಲ್ಲಿ ಹಲವರು ಇಂಗ್ಲಿಷ್, ಫ್ರೆಂಚ್ ಎರಡನ್ನೂ ಬಲ್ಲವರು. 1963ರಿಂದ ಫ್ರೆಂಚ್ ಭಾಷೆಯ ವಿಶ್ವವಿದ್ಯಾಲಯವೂ ಅಲ್ಲಿತ್ತು. ಎರಡು ಭಾಷೆಯಲ್ಲಿ ದೂರವಾಣಿ ಸೇವೆ ಕೊಡುವ ಕಂಪನಿಗಳನ್ನು 1990ರ ದಶಕದಲ್ಲಿ ಕರೆತಂದರು. 2017ರಲ್ಲಿ ಅಟ್ಲಾಂಟಿಕ್ ಪ್ರಾಂತ್ಯಗಳಿಗೆ ಕೆನಡಾ ಬೇರೆಯೇ ವಲಸೆ ಯೋಜನೆ ತಂದ ಮೇಲೆ ಹೊಸಬರು ಬಂದು ನೆಲೆಸಿದರು. 2021ರಲ್ಲಿ ಮಹಾನಗರ ಪ್ರದೇಶದ ಜನ 1,57,717. ಬೆಳವಣಿಗೆ ಓಡಿದಷ್ಟು ವೇಗವಾಗಿ ಮನೆ ಕಟ್ಟಲಾಗದೆ ಬಾಡಿಗೆ ಏರಿತು ಎಂಬ ಕಷ್ಟವೂ ಅಲ್ಲಿದೆ.

ಅಲ್ಲಿಯ ಯೋಜನೆಯನ್ನು ಇಲ್ಲಿಗೆ ಎತ್ತಿ ತರಲಾಗದು. ಅಲ್ಲಿಗೆ ಜನ ಹೊರಗಿನಿಂದ ಬರಬೇಕು, ಇಲ್ಲಿಂದ ಜನ ಹೊರಗೆ ಹೋಗುತ್ತಿದ್ದಾರೆ. ಪಾಠ ಮಾತ್ರ ಒಂದೇ. ಇರುವ ಬಲವನ್ನು ಗುರುತಿಸಿದರು, ಅದನ್ನು ಕಲಿಸುವ ಸಂಸ್ಥೆ ಊರಲ್ಲೇ ಇತ್ತು, ಒಂದು ಕಂಬ ಮುರಿದಾಗ ಇನ್ನೊಂದನ್ನು ನೆಟ್ಟರು.

7. ಮಾಡಬಹುದಾದದ್ದು

ನಮ್ಮ ಬಲ ಯಾವುದು? ನಾಲ್ಕು ತಾಲ್ಲೂಕು ಸೇರಿದರೆ 8 ಲಕ್ಷ ಜನರ ಆಸುಪಾಸು. ಒಂದೊಂದು ಪೇಟೆಯೂ ಒಂಟಿಯಾಗಿ ಸಣ್ಣದು, ನಾಲ್ಕೂ ಕೂಡಿದರೆ ಒಂದು ನಗರದಷ್ಟು ಕೈಗಳಿವೆ. ಬೆಳಿಗ್ಗೆ ಸಂಜೆ ಈ ನಾಲ್ಕನ್ನೂ ಒಂದಕ್ಕೊಂದು ಹೊಂದಿಸುವ ಬಸ್ಸು ಮೊದಲು ಬೇಕು. ಈಗ ಬಸ್ಸುಗಳೆಲ್ಲ ಮೈಸೂರು, ಬೆಂಗಳೂರಿನ ಕಡೆಗೆ ಮುಖ ಮಾಡಿವೆ. ನಾಗಮಂಗಲದ ಹುಡುಗಿ ಪಾಂಡವಪುರದಲ್ಲಿ, ಕಿಕ್ಕೇರಿಯ ಹುಡುಗ ಬೆಳ್ಳೂರು ಕ್ರಾಸಿನಲ್ಲಿ ಕೆಲಸ ಮಾಡಿ ಮನೆಗೆ ಮರಳುವಂತಾಗಬೇಕು.

ಎರಡನೆಯದು, ಬೆಳೆದದ್ದನ್ನು ಇಲ್ಲೇ ಹದ ಮಾಡುವುದು. 'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲ ಸಿಕ್ಕಿದೆ. ಆದರೆ ಆಲೆಮನೆಯ ಒಲೆಯ ಮುಂದೆ ಇವತ್ತು ಉತ್ತರ ಭಾರತದ ಕೂಲಿಕಾರರಿದ್ದಾರೆ, ಕಬ್ಬು ಕಡಿಯಲು ಬಳ್ಳಾರಿ ಕಡೆಯ ತಂಡಗಳು ಬರುತ್ತವೆ. ನಮ್ಮ ಹುಡುಗರು ಮುಂಬೈಯಲ್ಲಿ ಲೋಟ ತೊಳೆಯುತ್ತಾರೆ, ಹೊರಗಿನ ಹುಡುಗರು ನಮ್ಮ ಕೊಪ್ಪರಿಗೆ ಕಾಯುತ್ತಾರೆ. ಬಂದವರ ಬೆವರಿಗೆ ನನ್ನ ಗೌರವವಿದೆ. ಆಲೆಮನೆಯ ಕೆಲಸಕ್ಕೆ ಮರ್ಯಾದೆ, ಹೊಗೆಯಿಲ್ಲದ ಒಲೆ, ಶುದ್ಧ ಬೆಲ್ಲಕ್ಕೆ ಪರೀಕ್ಷಾಲಯ, ತಿಂಗಳ ಸಂಬಳ ಕೊಟ್ಟರೆ ನಮ್ಮವರೂ ಬರುತ್ತಾರೆ. ತೆಂಗು, ಹಾಲು, ನಾಗಮಂಗಲದ ಕಂಚು ಹಿತ್ತಾಳೆಯ ಕುಲುಮೆ, ಮೇಲುಕೋಟೆಯ ಮಗ್ಗ ಎಲ್ಲಕ್ಕೂ ಇದೇ ಮಾತು. ಶ್ರೀರಂಗಪಟ್ಟಣಕ್ಕೆ ಕೋಟೆಯಿದೆ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟು ಇದೆ. ಬಂದವರು ಎರಡು ಗಂಟೆ ನೋಡಿ ಮೈಸೂರಿಗೆ ಓಡುತ್ತಾರೆ. ಒಂದು ರಾತ್ರಿ ತಂಗಿದರೆ ಅದರಿಂದ ಹತ್ತು ಮನೆಗಳ ಒಲೆ ಉರಿಯುತ್ತದೆ.

ಮೂರನೆಯದು, ಮುಂಬೈ ಅನುಭವವನ್ನು ಬಂಡವಾಳವೆಂದು ನೋಡುವುದು. ಹೋಟೆಲು ನಡೆಸಿ ಬಲ್ಲ, ಲೆಕ್ಕ ಇಟ್ಟು ಬಲ್ಲ, ಹಿಂದಿ ಮರಾಠಿ ಆಡಬಲ್ಲ ಸಾವಿರಾರು ಮಂದಿ ನಮ್ಮವರು. ಊರಿಗೆ ಮರಳಿ ಅಂಗಡಿ, ಘಟಕ ಇಡುವವರಿಗೆ ಪುರಸಭೆಯ ಪರವಾನಗಿ ತಿಂಗಳೊಳಗೆ ಸಿಗಲಿ. ಸಹಕಾರ ಬ್ಯಾಂಕು ಜಮೀನಿನ ಪಹಣಿಯೊಂದನ್ನೇ ಕೇಳದೆ ಅನುಭವವನ್ನೂ ನೋಡಿ ಸಾಲ ಕೊಡಲಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. 2011ರ ಬಳಿಕ ಜನಗಣತಿ ನಮ್ಮನ್ನು ಎಣಿಸಿಲ್ಲ. ಮುಂದಿನ ಜನಗಣತಿಯ ಎಣಿಕೆಯ ದಿನಾಂಕ 2027ರ ಮಾರ್ಚ್ 1. ಸರ್ಕಾರದ ಲೆಕ್ಕ ಊರಲ್ಲಿ ಇರುವವರನ್ನು ಎಣಿಸುತ್ತದೆ. ಊರು ಬಿಟ್ಟವರನ್ನು ನೀವು ಎಣಿಸಿ. ನಿಮ್ಮ ನಿಮ್ಮ ಹಳ್ಳಿಯಲ್ಲಿ, ನಿಮ್ಮ ಬೀದಿಯಲ್ಲಿ ಮನೆಮನೆಗೆ ಹೋಗಿ ಕೇಳಿ: ಯಾರು ಹೋದರು, ಯಾವ ವರ್ಷ ಹೋದರು, ಎಲ್ಲಿಗೆ, ಯಾವ ಕೆಲಸಕ್ಕೆ, ಎಂಥ ಕೆಲಸ ಸಿಕ್ಕರೆ ಮರಳುತ್ತಾರೆ. ಹೋದ ಹೆಣ್ಣುಮಕ್ಕಳನ್ನು ಮರೆಯಬೇಡಿ, ಮದುವೆಯಾಗಿ ಹೋದಳು ಎಂದು ಬಿಡಬೇಡಿ, ಅವಳ ಓದು ಏನಾಯಿತು ಎಂದೂ ಬರೆದುಕೊಳ್ಳಿ. ಈ ಕಾಲೇಜಿನ ಒಂದು ತಂಡದ ವಿದ್ಯಾರ್ಥಿಗಳು ಇದನ್ನು ಮಾಡಿದರೆ ನಾಲ್ಕು ತಾಲ್ಲೂಕುಗಳ ಪುರಸಭೆ, ತಾಲ್ಲೂಕು ಪಂಚಾಯಿತಿಗಳ ಮೇಜಿನ ಮೇಲೆ ಇಡಲು ಇದಕ್ಕಿಂತ ಬೆಲೆಯುಳ್ಳ ದಾಖಲೆ ಇನ್ನೊಂದು ಇರದು. ನನ್ನ ಕೈಲಾದಷ್ಟು ದಿನ ನಿಮ್ಮ ಜೊತೆ ಬಂದು ಆ ಮನೆಗಳ ಜಗಲಿಯಲ್ಲಿ ಕೂರಲು ನಾನು ಸಿದ್ಧ. ಬರುವ ಭಾನುವಾರದಿಂದಲೇ ಶುರು ಮಾಡೋಣ.